ಕೊನೆಯ ಪಂಕ್ತಿಯ ಸೂಲಗಿತ್ತಿ

"ಬುದ್ಧಿ, ಬಡಿಸುವವರು ಕೊನೆಗೆ ಉಣ್ಣಬೇಕೆಂದು ನೀವೇ ಕಲಿಸಿದ್ದೀರಿ. ಆಸ್ಪತ್ರೆಗೆ ಲಸಿಕೆ ಬಂದಾಗ ನನ್ನ ಪಾಲನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟೆ. ಡಾಕ್ಟರು ಬೈದರು. ನಾನು ಮಾಡಿದ್ದು ತಪ್ಪೇ?"

ಕೇಳಿದವಳು ಶಿವಲೀಲಾ, ಮಠದ ಆಸ್ಪತ್ರೆಯ ನರ್ಸು.

ಗುರುಗಳು ನಕ್ಕರು. "ಭಲೆ! ನನ್ನ ಮಾತು ನನಗೇ ತಿರುಗುಬಾಣವಾಯಿತು. ಕೂತುಕೋ ತಾಯಿ. ಆ ಮಾತನ್ನು ನನಗೆ ಕಲಿಸಿದವಳ ಕತೆ ಹೇಳುತ್ತೇನೆ."

ನಮ್ಮೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಏನು ಕೈಗುಣ ಅವಳದು! ಆ ಕೈಯ ಹರಳೆಣ್ಣೆ ವಾಸನೆ ಈಗಲೂ ಮೂಗಿಗೆ ಬರುತ್ತದೆ. ಮಠದ ದಾಸೋಹದಲ್ಲಿ ಅವಳೇ ಬಡಿಸುತ್ತಿದ್ದಳು. ತಾನು ಮಾತ್ರ ಕೊನೆಯ ಪಂಕ್ತಿಗೆ ಕೂರುತ್ತಿದ್ದಳು. ಎಷ್ಟೋ ಸಲ ಅವಳಿಗೆ ಸಿಕ್ಕಿದ್ದು ತಳ ಹಿಡಿದ ಅನ್ನ.

ಒಂದು ವರ್ಷ ಪಕ್ಕದ ಹಳ್ಳಿಗೆ ಸಿಡುಬು ಬಂತು. ಲಸಿಕೆ ಹಾಕುವವನು ನಮ್ಮೂರಿಗೆ ಬಂದ. ತಂದದ್ದು ಸ್ವಲ್ಪ. ತುಂಬು ಗರ್ಭಿಣಿಯರನ್ನು ಬಿಟ್ಟು ಉಳಿದವರಿಗೆ ಹಾಕುತ್ತ ಹೋದ. ಕೊನೆಗೆ ಒಬ್ಬರಿಗಾಗುವಷ್ಟು ಉಳಿಯಿತು.

"ನೀನು ಬಾರಮ್ಮ. ರೋಗಿಗಳ ಮನೆಗೂ ಹೋಗುತ್ತೀ, ಬಾಣಂತಿಯರ ಮನೆಗೂ ಹೋಗುತ್ತೀ" ಎಂದು ಸೂಲಗಿತ್ತಿಯನ್ನು ಕರೆದ.

"ಅಯ್ಯೋ, ನನಗೇನಾಗುತ್ತಪ್ಪ? ಗುಂಡುಕಲ್ಲಿನ ಹಾಗಿದ್ದೇನೆ. ಬಡಿಸುವವಳು ಮೊದಲು ಉಂಡರೆ ಊರು ನಗುತ್ತದೆ. ಅಗೋ, ಆ ಅಜ್ಜನಿಗೆ ಹಾಕು" ಎಂದಳು. ಊರೆಲ್ಲ ಅವಳನ್ನು ಹೊಗಳಿತು.

ಅವಳು ಪಕ್ಕದ ಹಳ್ಳಿಗೆ ಹೋಗಿ ರೋಗಿಗಳಿಗೆ ಗಂಜಿ ಕುಡಿಸಿ ಬಂದಳು. ಹತ್ತು ಹನ್ನೆರಡು ದಿನಕ್ಕೆ ಮೈ ಬಿಸಿಯಾಯಿತು. ನಡೆದ ಆಯಾಸವೆಂದುಕೊಂಡಳು. ಅಷ್ಟರಲ್ಲಿ ಒಂದು ಚೊಚ್ಚಲ ಹೆರಿಗೆಗೆ ಕರೆ ಬಂತು. ಹೋಗದೆ ಇರುತ್ತಾಳೆಯೇ? ಗಂಡುಮಗು ಹುಟ್ಟಿತು. ಮಾರನೆಯ ದಿನ ಸೂಲಗಿತ್ತಿಯ ಮುಖದಲ್ಲಿ ಗುಳ್ಳೆಗಳೆದ್ದವು. ಎರಡು ವಾರಕ್ಕೆ ಬಾಣಂತಿಯ ಮೈಮೇಲೂ ಎದ್ದವು. ಸೂಲಗಿತ್ತಿ ಬದುಕಿಕೊಂಡಳು. ಬಾಣಂತಿ ಉಳಿಯಲಿಲ್ಲ.

ಆಮೇಲೂ ಅವಳು ದಾಸೋಹದಲ್ಲಿ ಕೊನೆಗೇ ಉಂಡಳು. ಆದರೆ ಲಸಿಕೆ ಹಾಕುವವನು ಬಂದನೆಂದರೆ, ತನ್ನ ಬಳಿ ಕೆಲಸ ಕಲಿಯುವ ಹೆಂಗಸರನ್ನು ರಟ್ಟೆ ಹಿಡಿದು ಎಳೆತಂದು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಿದ್ದಳು. "ಅನ್ನದ ಮಾತು ಬೇರೆ, ಇದು ಬೇರೆ ಕಣ್ರೇ" ಎಂದು ಗದರುತ್ತಿದ್ದಳು.

ಗುರುಗಳು ಕತೆ ಮುಗಿಸಿದರು. ಶಿವಲೀಲಾ ತಲೆ ತಗ್ಗಿಸಿ ಮೆಲ್ಲಗೆ ಕೇಳಿದಳು. "ಆ ಕೂಸು ಏನಾಯಿತು, ಬುದ್ಧಿ?"

"ಅವಳೇ ಸಾಕಿದಳು; ಕೈತುತ್ತು ಕೊಡುವಾಗಲೆಲ್ಲ 'ಏಕಮ್ಮ ಅಳುತ್ತೀ?' ಎಂದು ನಾನು ಕೇಳುತ್ತಿದ್ದೆ."