ಬಸಿಗಾಲುವೆಯ ಬಾಯಿ

ಒಂದು ಗೋವಿನಜೋಳದ ಹೊಲದಲ್ಲಿ ಹೆಚ್ಚಿನ ನೀರು ಬಸಿದುಹೋಗಲೆಂದು ತೋಡಿದ ಹಳೆಯ ಕಾಲುವೆಯಿತ್ತು. ಮಳೆ ಕಡಿಮೆಯಾದ ವರ್ಷ ಬಾಡಿದ ಪೈರು ಅದನ್ನು ಕೇಳಿತು: "ಹೋದ ವರ್ಷದ ಅತಿವೃಷ್ಟಿಯಲ್ಲಿ ಬೇರು ಕೊಳೆಯದಂತೆ ನಮ್ಮ ಹಿರಿಯರನ್ನು ಉಳಿಸಿದವನು ನೀನೇ. ಈಗ ಬಿದ್ದ ನಾಲ್ಕು ಹನಿಯನ್ನೂ ಏಕೆ ಹೊರಗೆ ಒಯ್ಯುತ್ತೀಯೆ?"

ಕಾಲುವೆ ಹೇಳಿತು: "ನನಗೆ ಹರಿಸುವುದಷ್ಟೇ ಗೊತ್ತು. ನಿಲ್ಲಿಸುತ್ತಿದ್ದವಳು ಈ ಹೊಲದ ಒಡತಿ ಹೊನ್ನವ್ವ. ಮೋಡ ತೆಳುವಾದರೆ ಬಂದು ನನ್ನ ಬಾಯಿಗೆ ಮಣ್ಣಿನ ಹೆಂಟೆ ಇಟ್ಟು, 'ಸಾಕಪ್ಪಾ, ಇನ್ನು ಸುಮ್ಮನಿರು' ಎನ್ನುತ್ತಿದ್ದಳು. ಮಳೆ ಜೋರಾದರೆ ತಾನೇ ಬಂದು ತೆಗೆಯುತ್ತಿದ್ದಳು. ಆ ತಾಯಿ ತೀರಿಕೊಂಡ ಮೇಲೆ ನನಗೆ ಸುಮ್ಮನಿರು ಎಂದವರೇ ಇಲ್ಲ."

ಕಾಲುವೆಯಲ್ಲಿ ವಾಸವಾಗಿದ್ದ ಮುದಿ ಏಡಿ ಈ ಮಾತು ಕೇಳಿ ಬಿಲದಿಂದ ಹೊರಬಂದಿತು. ಆಮೇಲೆ, "ಅವಳು ಹೆಂಟೆ ಇಡುತ್ತಿದ್ದ ಜಾಗ ನಾನು ಕಂಡಿದ್ದೇನೆ" ಎಂದು ಕೆಸರು ಹೊತ್ತು ಹೊತ್ತು ತಂದು ಅಲ್ಲಿ ಒಟ್ಟಿತು. ಸಂಜೆಯ ಹೊತ್ತಿಗೆ ಹರಿವು ನಿಂತಿತು. ಮರುದಿನ ಪೈರಿನ ಸುರುಳಿಗಟ್ಟಿದ ಎಲೆಗಳು ಬಿಚ್ಚಿಕೊಂಡವು.

"ಏಡಿಯಣ್ಣ, ಮುಚ್ಚಿದ್ದು ಅರ್ಧ ಕೆಲಸ" ಎಂದಿತು ಕಾಲುವೆ. "ದೊಡ್ಡ ಮಳೆ ಬಂದರೆ ತೆಗೆಯುವವರು ಯಾರು?"

ಏಡಿ ಹಳೆಯ ಬಿಲ ಬಿಟ್ಟು ಬಂದು, ಕಾಲುವೆಯ ಬಾಯಿಯ ಪಕ್ಕದಲ್ಲೇ ಹೊಸದನ್ನು ತೋಡಿ, ಮೋಡ ನೋಡುತ್ತಾ ಕುಳಿತಿತು.