ಏಳನೆಯ ದ್ವೀಪದಲ್ಲಿ ಇಲ್ಲದ್ದು

"ಕೇತರಸರ ಅಪ್ಪಣೆ ಇದು, ಎಲ್ಲರೂ ಕೇಳಿ. ಯಾರು ಮುಂದೆ ಬಂದರೂ ಅರಸರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಆರು ಒಣದ್ವೀಪಗಳ ಒಡೆತನ. ಒಂದು ತಪ್ಪಿದರೂ ಕೋಟೆಯ ಮೇಲಿಂದ ಕೆಳಗಿನ ಬಂಡೆಗಳ ಮೇಲಕ್ಕೆ ತಳ್ಳಲಾಗುವುದು. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಆ ಆರು ದ್ವೀಪಗಳ ಜನರೆಲ್ಲ ಕೋಟೆಗೆ ಕಲ್ಲು ಹೊರುವ ಆಳುಗಳಾಗಬೇಕು."

ಡಂಗುರ ಸಾರಿದ್ದು ಏಳನೆಯ ದ್ವೀಪದ ಬಂದರಿನಲ್ಲಿ. ಏಳು ದ್ವೀಪಗಳಲ್ಲಿ ಹಸಿರು ಇದ್ದದ್ದು ಅಲ್ಲಿ ಮಾತ್ರ. ಸಿಹಿನೀರಿನ ಬಾವಿ, ಹುಣಸೆ ಮರಗಳ ನೆರಳು, ಅರಸನ ಕೋಟೆ ಎಲ್ಲ ಅಲ್ಲೇ. ಉಳಿದ ಆರರಲ್ಲಿ ಸುಟ್ಟ ಕಲ್ಲು, ಕಳ್ಳಿ, ಉಪ್ಪು. ಅಲ್ಲಿನ ಜನರ ಹೆಸರೆತ್ತಿದರೆ ಕೇತರಸನ ಮೈ ಉರಿಯುತ್ತಿತ್ತು. ಹಿಂದೆ ಅವನು ದಂಡೆತ್ತಿ ಹೋದಾಗ ಹಡಗು ಒಡೆದು, ಆ ಜನ ಅವನನ್ನು ಹಿಡಿದು ಒಂಬತ್ತು ದಿನ ಗವಿಯೊಂದರಲ್ಲಿ ಕೂಡಿಹಾಕಿದ್ದರು. ಆ ಗವಿಯಲ್ಲಿ ಕಂಡದ್ದನ್ನೇ ಅವನು ಒಗಟಾಗಿ ಕಟ್ಟಿದ್ದ. ಆ ಆರು ದ್ವೀಪದವರು ಕೋಟೆಯೊಳಗೆ ಕಾಲಿಡುವಂತಿರಲಿಲ್ಲವಾದ್ದರಿಂದ ಬಿಡಿಸಬಲ್ಲವರು ಯಾರೂ ಬರುವುದಿಲ್ಲ ಎಂಬ ಧೈರ್ಯ ಅವನಿಗಿತ್ತು.

ಮೊದಲು ಬಂದವನು ಹಡಗುಗಳ ಒಡೆಯನ ಮಗ ಪದುಮಸೆಟ್ಟಿ. ಅರಸ ಕೇಳಿದ: "ಹುಟ್ಟಿದಂದಿನಿಂದ ಒಮ್ಮೆಯೂ ಕಣ್ಣು ಮುಚ್ಚಿಲ್ಲ, ಆದರೂ ನಡುಹಗಲನ್ನು ಕಂಡಿಲ್ಲ. ಯಾವುದು?" ಪದುಮಸೆಟ್ಟಿ ಮೀನು ಎಂದ. ಮೀನು ಹಗಲೆಲ್ಲ ಬಿಸಿಲಲ್ಲಿ ಹೊಳೆಯುತ್ತದಲ್ಲ ಎಂದು ಅರಸ ನಕ್ಕ. ಕಾವಲಿನವರು ಅವನನ್ನು ಎಳೆದುಕೊಂಡು ಹೋದರು. ಮರುದಿನ ದಳಪತಿಯ ಅಳಿಯ ಬಿಜ್ಜಣ ಬಂದು ಬಾವಲಿ ಎಂದ. ಅವನನ್ನೂ ತಳ್ಳಿದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಹುಣ್ಣಿಮೆಗೆ ಎರಡು ದಿನ ಇರುವಾಗ ಉಪ್ಪು ಹೊರುವ ಮಂಕಾಳು ಅಂಗಳದಲ್ಲಿ ಮೂಟೆ ಇಳಿಸಿದ. ಒಣದ್ವೀಪದವರಲ್ಲಿ ಉಪ್ಪಿನ ಆಳುಗಳನ್ನು ಮಾತ್ರ ಕೋಟೆಗೆ ಬಿಡುತ್ತಿದ್ದರು. ಅಡುಗೆಯವರ ಬಾಯಲ್ಲಿ ಒಗಟು ಕೇಳಿದವನೇ ಅವನು ಅರಸನೆದುರು ಹೋಗಿ ನಿಂತ.

ಕೇತರಸ ಅವನ ಉಪ್ಪು ಮೆತ್ತಿದ ಕೈಗಳನ್ನು ನೋಡಿ, ಇವನನ್ನು ತಳ್ಳಿದರೆ ಬಂಡೆಗೂ ಹೊಲಸು ಎಂದ. ಆದರೆ ಯಾರು ಬಂದರೂ ಕೇಳಲೇಬೇಕೆಂದು ಸಾರಿಸಿದ್ದು ಅವನೇ.

"ಮೊದಲನೆಯದು ಕಲ್ಲುಹಲ್ಲಿ," ಎಂದ ಮಂಕಾಳು. "ಅದಕ್ಕೆ ರೆಪ್ಪೆಯಿಲ್ಲ. ಕಣ್ಣಿಗೆ ಧೂಳು ಬಿದ್ದರೆ ನಾಲಿಗೆಯಿಂದ ನೆಕ್ಕಿಕೊಳ್ಳುತ್ತದೆ. ಬಿಸಿಲಿರುವಷ್ಟು ಹೊತ್ತು ಬಿರುಕಿನಲ್ಲಿ ಅಡಗಿ, ಕತ್ತಲಾದ ಮೇಲೆ ಹೊರಬರುತ್ತದೆ."

ಅರಸನ ನಗು ನಿಂತಿತು. ಎರಡನೆಯದು ಕೇಳಿದ: ಅದಕ್ಕೆ ರೆಕ್ಕೆಯಿಲ್ಲ, ಈಜು ಬಾರದು, ಅದನ್ನು ದೋಣಿಗೆ ಹತ್ತಿಸಿಕೊಂಡವರಿಲ್ಲ. ಆರು ದ್ವೀಪಗಳಿಗೆ ಹೇಗೆ ಹೋಯಿತು?

ಅದು ಹೋಗಲಿಲ್ಲ, ಅದರ ಮೊಟ್ಟೆ ಹೋಯಿತು ಎಂದ ಮಂಕಾಳು. ಮೊಟ್ಟೆ ಇಟ್ಟ ಕಡೆ ಅಂಟಿಕೊಂಡು ಗಟ್ಟಿಯಾಗುತ್ತದೆ. ತೊಗಟೆಯ ಸಂದಿಯಲ್ಲಿ ಇಟ್ಟಿದ್ದರೆ, ಮರ ಮುರಿದು ಕಡಲಿಗೆ ಬಿದ್ದಾಗ ಮೊಟ್ಟೆಯೂ ತೇಲಿ ಇನ್ನೊಂದು ದಡ ಸೇರುತ್ತದೆ. ಅಂಥ ದಿಮ್ಮಿಗಳನ್ನು ಅವನೇ ದಡಕ್ಕೆ ಎಳೆದಿದ್ದ.

ತಾಳೆಗರಿಯಲ್ಲಿ ಮುಚ್ಚಿಟ್ಟಿದ್ದ ಉತ್ತರಗಳನ್ನು ಮಂತ್ರಿ ಸಾಂತಯ್ಯ ಓದಿ, ಎರಡೂ ಸರಿ ಎಂದ. ಅರಸ ಪೀಠ ಬಿಟ್ಟು ಎದ್ದ. "ಇಲ್ಲಿ ನೀರಿದೆ, ನೆರಳಿದೆ, ತಿನ್ನಲು ಹುಳುವಿದೆ. ಆದರೂ ಅದು ಈ ಏಳನೆಯ ದ್ವೀಪದಲ್ಲಿ ಇಲ್ಲ. ಯಾಕೆ?"

"ಇತ್ತು," ಎಂದ ಮಂಕಾಳು. "ನಿಮ್ಮ ಹಡಗುಗಳಲ್ಲಿ ಬಂದ ಇಲಿಗಳು ತಿಂದುಹಾಕಿದವು."

ಸಾಂತಯ್ಯ ಮೂರನೆಯ ಉತ್ತರಕ್ಕೆ ತಾಳೆಗರಿಯನ್ನು ನೋಡಿದ. ಅದರಲ್ಲಿ ಇದ್ದದ್ದು ಬೇರೆ: ದರಿದ್ರದಲ್ಲಿ ಹುಟ್ಟಿದ್ದಕ್ಕೆ ಸುಖ ಒಗ್ಗುವುದಿಲ್ಲ.

ತಳ್ಳಿ ಎಂದ ಅರಸ. ಇಬ್ಬರು ಮಂಕಾಳುವಿನ ತೋಳು ಹಿಡಿದರು. ಬಾವಿಯ ಹಿಂದಿನ ಬಂಡೆಯ ಬಿರುಕನ್ನು ಒಮ್ಮೆ ನೋಡಿ ಬನ್ನಿ, ಆಮೇಲೆ ತಳ್ಳಿ ಎಂದು ಅವನು ಮಂತ್ರಿಯನ್ನು ಬೇಡಿದ. ಮೂಟೆ ಇಳಿಸಿ ದಣಿವಾರಿಸಿಕೊಳ್ಳಲು ಕೂರುತ್ತಿದ್ದ ಜಾಗ ಅದು. ಸಾಂತಯ್ಯ ತಾನೇ ಹೋಗಿ ಒಂದು ಕಲ್ಲಿನ ಚಕ್ಕೆ ತಂದ. ಅದಕ್ಕೆ ಕಡಲೆಯಷ್ಟು ದೊಡ್ಡ ಮೊಟ್ಟೆಗಳ ಒಡೆದ ಬಿಳಿ ಚಿಪ್ಪುಗಳು ಅಂಟಿದ್ದವು. ಅಂಚಿನಲ್ಲಿ ಇಲಿಯ ಹಲ್ಲಿನ ಗುರುತು.

"ಅರಸರೇ, ನಿಮ್ಮ ಉತ್ತರಕ್ಕೆ ಸಾಕ್ಷಿಯಿಲ್ಲ. ಇವನ ಉತ್ತರಕ್ಕೆ ಇದೆ," ಎಂದ.

ಸಾಂತಯ್ಯನ ತಲೆಯೂ ಹೋಗುತ್ತಿತ್ತೇನೋ. ಅಷ್ಟರಲ್ಲಿ ಪದುಮಸೆಟ್ಟಿಯ ಅಪ್ಪ ನೆರೆದಿದ್ದ ಗುಂಪಿನಿಂದ ಹೊರಬಂದು ಮಂತ್ರಿಯ ಪಕ್ಕದಲ್ಲಿ ನಿಂತ. ಅರಸ ಬಳಸುತ್ತಿದ್ದ ಹಡಗುಗಳೆಲ್ಲ ಅವನವು. ಬಿಜ್ಜಣನ ಮಾವ ದಳಪತಿಯೂ ಬಂದು ನಿಂತ. ಕೇತರಸ ಸುತ್ತ ಒಮ್ಮೆ ನೋಡಿದ. ತೋಳು ಹಿಡಿದಿದ್ದವರು ಅಪ್ಪಣೆಗೆ ಕಾಯದೆ ಕೈ ಬಿಟ್ಟಿದ್ದರು.

ಒಡೆತನದ ತಾಮ್ರಪಟವನ್ನು ಅರಸ ನೆಲಕ್ಕೆ ಎಸೆದ. ಮಂಕಾಳು ಬಗ್ಗಿ ಎತ್ತಿಕೊಂಡು, ಕೋಟೆಯ ಹಡಗು ಒಂದೂ ಆರು ದ್ವೀಪಗಳ ಹತ್ತಿರ ಲಂಗರು ಹಾಕಬಾರದು ಎಂದು ಅದರಲ್ಲಿ ಬರೆಸಿದ. ಕಲ್ಲು ಹೊರಲು ಅಲ್ಲಿಂದ ಒಬ್ಬರೂ ಬರುವುದಿಲ್ಲ ಎಂದೂ ಬರೆಸಿದ.

ಗೆದ್ದವನಿಗೆ ಉಡುಗೊರೆ ಕೊಡುವುದು ಕೋಟೆಯ ವಾಡಿಕೆ. ಒಬ್ಬ ಆಳು ಅಕ್ಕಿಮೂಟೆಯೊಂದನ್ನು ತಂದು ದೋಣಿಯ ಬಳಿ ಕುಕ್ಕಿ, ನೀರಿಗೆ ಉಗುಳಿ ಹೋದ. ಆರು ದ್ವೀಪಗಳಲ್ಲಿ ಅಕ್ಕಿ ಕಂಡು ಎರಡು ತಿಂಗಳಾಗಿತ್ತು. ಮಂಕಾಳು ಮೂಟೆಯ ಬಾಯಿ ಬಿಚ್ಚಿ, ಮರಳಿನ ಮೇಲೆ ಅಷ್ಟನ್ನೂ ಸುರಿದ. ಅಕ್ಕಿಯೊಳಗಿಂದ ಒಂದು ಬಸುರಿ ಇಲಿ ಹೊರಬಿದ್ದು ದೋಣಿಯ ಕಡೆಗೇ ಓಡಿತು. ಅವನು ದೋಣಿಯ ಹುಟ್ಟು ಎತ್ತಿ ಒಂದೇ ಏಟು ಹಾಕಿದ. ಆಮೇಲೆ ಇಲಿ ಹೊಕ್ಕಿದ್ದ ಅಕ್ಕಿಯನ್ನು ಅಲ್ಲೇ ಬಿಟ್ಟು ದೋಣಿ ನೂಕಿದ.