ನಾಯಕ ಗಗನನ ಅರ್ಧ ಕಿವಿ

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ನಾಟಕದ ಹುಚ್ಚು ಹಿಡಿದಿತ್ತು. ಹತ್ತಾರು ನಾಟಕಗಳಲ್ಲ, ಒಂದೇ ನಾಟಕ. ಅದರ ಹೆಸರು 'ಚುಕ್ಕಿದೋಣಿ'. ನಾಯಕ ಗಗನ ಎಂಬ ಧೀರ ತನ್ನ ದೋಣಿ ಹತ್ತಿ ಚುಕ್ಕಿಯಿಂದ ಚುಕ್ಕಿಗೆ ಹೋಗುತ್ತಾನೆ. ಹೊಗೆಯ ಗ್ರಹ, ಹಿಮದ ಗ್ರಹ, ಮಾತಾಡುವ ಕಲ್ಲುಗಳ ಗ್ರಹ, ಎಲ್ಲವನ್ನೂ ಸುತ್ತುತ್ತಾನೆ. ಕೊನೆಗೆ ದೋಣಿ ಒಡೆದಾಗ ಒಂದೇ ನೆಗೆತಕ್ಕೆ ಆಕಾಶ ದಾಟಿ ಹೊಸ ಗ್ರಹ ಮುಟ್ಟುತ್ತಾನೆ. ಹಳ್ಳದ ಈ ಬದಿಯ ಬಂಡೆಯೇ ದೋಣಿ, ಆ ಬದಿಯ ಬಂಡೆಯೇ ಹೊಸ ಗ್ರಹ, ನಡುವೆ ಹರಿಯುವ ನೀರೇ ಆಕಾಶ. ಸಂಜೆಯ ಮಿಂಚುಹುಳುಗಳೇ ನಕ್ಷತ್ರ. ಇಷ್ಟಕ್ಕೇ ಅವರ ಮೈ ಜುಮ್ಮೆನ್ನುತ್ತಿತ್ತು. ನಗಬೇಡಿ. ಇದಕ್ಕಿಂತ ಕಡಿಮೆ ಸಾಮಾನಿಗೆ ಕಣ್ಣೀರು ಹಾಕಿದವರು ನಮ್ಮಲ್ಲೂ ಇದ್ದಾರೆ.

ಬೇಸಿಗೆಯಲ್ಲಿ ಕಾಡಿನ ಕೆರೆಗಳೆಲ್ಲ ಬತ್ತಿ ಈ ಹಳ್ಳದಲ್ಲಿ ಮಾತ್ರ ನೀರು ಉಳಿಯುತ್ತಿತ್ತು. ಹುಲಿಯೂ ಅಲ್ಲಿಗೇ ಬರಬೇಕು, ಜಿಂಕೆಯೂ ಅಲ್ಲಿಗೇ ಬರಬೇಕು. ಅದಕ್ಕೇ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ನಾಯಕನ ಪಾತ್ರ ಮಾಡುವವನ ತಲೆಗೆ ಆನೆ ದೊಡ್ಡಮ್ಮ ಒಣಗಿದ ಸೋರೆ ಬುರುಡೆ ತೊಡಿಸುತ್ತಾಳೆ. ಆ ಗಳಿಗೆಯಿಂದ ಮೊದಲ ಮಳೆ ಬೀಳುವವರೆಗೆ ಯಾರೂ ಯಾರನ್ನೂ ತಿನ್ನುವಂತಿಲ್ಲ. ತಿಂದವರನ್ನು ದೊಡ್ಡಮ್ಮನ ಕಾಲು ವಿಚಾರಿಸಿಕೊಳ್ಳುತ್ತಿತ್ತು. ಹಾಗಾದರೆ ಅಷ್ಟು ದಿನ ಹುಲಿ ಹೊಟ್ಟೆಗೆ ಏನು ಮಾಡುತ್ತಿತ್ತು? ಈ ಪ್ರಶ್ನೆಯನ್ನು ಆ ಕಾಡಿನಲ್ಲಿ ಯಾರೂ ಕೇಳಲಿಲ್ಲ. ಅವರ ತಲೆ ತಿನ್ನುತ್ತಿದ್ದ ಪ್ರಶ್ನೆಯೇ ಬೇರೆ.

ನಾಯಕ ಗಗನನ ಎಡಗಿವಿ ಅರ್ಧ ಹೋದದ್ದು ಹೇಗೆ?

ನಾಟಕದಲ್ಲಿ ಕಿವಿಯ ಮಾತೇ ಬರುವುದಿಲ್ಲ. ಆದರೆ ಮೊದಲಿನಿಂದಲೂ ಆ ಪಾತ್ರ ಮಾಡುತ್ತಿದ್ದವನು ಮುದಿ ಮೊಲ ಚೆಲುವತಾತ. ಬುರುಡೆಯ ತೂತುಗಳಿಂದ ಅವನ ಒಂದು ಉದ್ದ ಕಿವಿ, ಒಂದು ಅರ್ಧ ಕಿವಿ ಹೊರಗೆ ಕಾಣುತ್ತಿದ್ದವು. ಅಷ್ಟೇ ಸಾಕಾಯಿತು. ಹಾರುವಾಗ ಉಲ್ಕೆ ಬಡಿದು ಕಿವಿ ಹೋಯಿತು ಎಂದು ಮುಳ್ಳುಹಂದಿ ಸಿದ್ದಣ್ಣ ಹೇಳಿದ. ಅಲ್ಲ, ಸೆರೆಸಿಕ್ಕ ಸಂಗಡಿಗರನ್ನು ಬಿಡಿಸಲು ಕಲ್ಲುಗಳ ರಾಜನಿಗೆ ಒತ್ತೆಯಾಗಿ ಕೊಟ್ಟ ಎಂದು ನವಿಲು ರಂಗಯ್ಯ ಹೇಳಿದ. ಕಾಡು ಎರಡು ಹೋಳಾಯಿತು. ಉಲ್ಕೆಯವರು ಒತ್ತೆಯವರ ಮನೆಗೆ ಹೆಣ್ಣು ಕೊಡುವುದನ್ನೂ ಬಿಟ್ಟರು. ಆಕಾಶದಲ್ಲಿ ಯಾವ ಚುಕ್ಕಿ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ, ಆ ಮಾತು ಬೇರೆ.

ಒಮ್ಮೆ ಇಬ್ಬರೂ ಹೋಗಿ ತಾತನನ್ನೇ ಕೇಳಿದರು.

"ಓ, ಈ ಕಿವೀನಾ?" ಎಂದ ತಾತ. "ಚಿಕ್ಕವನಿದ್ದಾಗ ಗೆಣಸು ಕದಿಯೋಕೆ ಹೋಗಿ ಹೊಲದ ಮುಳ್ಳುಬೇಲಿಗೆ ಸಿಕ್ಕಿಸ್ಕೊಂಡೆ ಕಣ್ರಪ್ಪ. ಮನೆಗೆ ಬಂದ ಮೇಲೆ ಅವ್ವನೂ ಎರಡು ಬಾರಿಸಿದ್ಲು."

"ನೀನು ಬರೀ ಪಾತ್ರ ಮಾಡೋನು ತಾತ," ಎಂದ ಸಿದ್ದಣ್ಣ. "ನಾಯಕನ ವಿಚಾರ ನಿನಗೇನು ಗೊತ್ತು?"

ರಂಗಯ್ಯನೂ ಹೌದು ಹೌದು ಎಂದು ತಲೆಯಾಡಿಸಿದ. ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಆ ವರ್ಷ ಬೇಸಿಗೆ ಬೇಗ ಬಂತು. ತಾತ ಅಭ್ಯಾಸಕ್ಕೆಂದು ಬಂಡೆ ಹತ್ತಿ ನಿಂತ. ಮಂಡಿ ಬಗ್ಗಲಿಲ್ಲ. ಬಗ್ಗಿದ ಮೇಲೆ ನೆಟ್ಟಗಾಗಲಿಲ್ಲ. ಅವನು ಕೆಳಗಿಳಿದು ಎಲ್ಲರನ್ನೂ ಕರೆದ.

"ಇನ್ನು ನನ್ನ ಕೈಲಾಗಲ್ಲ. ಕಪ್ಪೆ ತುಂಗಿ ಈ ಬಂಡೆ ಕೆಳಗೇ ಹುಟ್ಟಿ ಬೆಳೆದೋಳು. ಮಾತೆಲ್ಲ ಬಾಯಿಗೆ ಬರುತ್ತೆ. ನನಗಿಂತ ದೂರ ಹಾರ್ತಾಳೆ. ಬುರುಡೆ ಅವಳಿಗೆ ಕೊಡಿ."

ತುಂಗಿ ಕೆಸರಿನಿಂದ ಎದ್ದು ಬಂದು ಕೈಮುಗಿದು ನಿಂತಳು. ಬಹಳ ದಿನಗಳಿಂದ ಅವಳು ಕಾದದ್ದು ಈ ಮಾತಿಗೇ.

ಸಿಟ್ಟಿಗೆ ಕಾಡು ಹೊತ್ತಿಕೊಂಡು ಉರಿಯಿತು. "ಕಪ್ಪೆಗೆ ಕಿವಿಯೇ ಇಲ್ಲವಲ್ಲ," ಎಂದು ಸಿದ್ದಣ್ಣ ಮುಳ್ಳು ಕೆದರಿದ. "ಕಿವಿಯಿಲ್ಲದ ಮೇಲೆ ಉಲ್ಕೆ ಬಡಿಯೋದು ಎಲ್ಲಿಗೆ?"

"ಒತ್ತೆ ಕೊಡೋಕೆ ಅವಳ ಹತ್ರ ಏನಿದೆ?" ಎಂದ ರಂಗಯ್ಯ. "ನನ್ನ ಬಾಲ್ಯವೇ ಹಾಳಾಯ್ತು."

ಅವನ ಬಾಲ್ಯ ಮುಗಿದು ಎಷ್ಟೋ ಕಾಲವಾಗಿತ್ತು. ಆದರೂ ನಾಲ್ಕು ಜನ ಕಣ್ಣೊರೆಸಿಕೊಂಡರು.

ಇದನ್ನೆಲ್ಲ ನರಿ ರಾಯಪ್ಪ ಪೊದೆಯ ಬಳಿ ಕೂತು ನೋಡುತ್ತಿದ್ದ. ಅವನಿಗೆ ನಾಟಕದ ಮೇಲೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ಅವನ ಲೆಕ್ಕ ಸುಲಭ. ನಾಯಕ ಸಿಗದಿದ್ದರೆ ಬುರುಡೆ ಯಾರ ತಲೆಗೂ ಏರುವುದಿಲ್ಲ. ಬುರುಡೆ ಏರದಿದ್ದರೆ ಕಟ್ಟಳೆ ಶುರುವಾಗುವುದಿಲ್ಲ. ಕಟ್ಟಳೆಯಿಲ್ಲದ ಬೇಸಿಗೆಯಲ್ಲಿ, ಒಂದೇ ಹಳ್ಳದ ದಡದಲ್ಲಿ, ಮೈಮರೆತು ಜಗಳವಾಡುವ ಕೊಬ್ಬಿದ ಹಕ್ಕಿಗಳು. ರಾಯಪ್ಪನ ಬಾಯಲ್ಲಿ ನೀರೂರಿತು.

ಅವನು ಮೊದಲು ಸಿದ್ದಣ್ಣನ ಬಳಿ ಹೋದ. "ಉಲ್ಕೆಯೇ ಸರಿ ಅಣ್ಣ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾಯಕ ಮೈಗೆ ಅಷ್ಟು ಗಟ್ಟಿ ಹೇಗಾದ ಅಂತ ಯೋಚನೆ ಮಾಡಿದ್ದೀರಾ? ಅವನು ಬರೀ ನೆಲ್ಲಿಕಾಯಿ ತಿಂತಿದ್ದ. ಬೇರೆ ಏನೂ ಮುಟ್ತಿರಲಿಲ್ಲ."

ಸಿದ್ದಣ್ಣನಿಗೆ ರೋಮಾಂಚನವಾಯಿತು. ಮುಳ್ಳುಹಂದಿಗೆ ರೋಮಾಂಚನವಾದರೆ ಪಕ್ಕದವರು ಎದ್ದು ಹೋಗಬೇಕಾಗುತ್ತದೆ. ಎಲ್ಲರೂ ದೂರ ಸರಿದರು.

ಮರುದಿನ ರಾಯಪ್ಪ ರಂಗಯ್ಯನ ಬಳಿ ಹೋದ. "ಕಿವಿಯನ್ನೇ ಕಿತ್ತು ಕೊಟ್ಟೋನು ಸ್ವಾಮಿ, ಸಾವಿಗೆ ಹೆದರ್ತಾನಾ? ಕೊನೆ ನೆಗೆತವನ್ನ ಅವನು ಕಣ್ಣು ಮುಚ್ಚಿಕೊಂಡೇ ನೆಗೀತಿದ್ದ."

"ನನಗೆ ಮೊದಲೇ ಹಾಗನ್ನಿಸಿತ್ತು," ಎಂದ ರಂಗಯ್ಯ. ಅವನಿಗೆ ಹಾಗೆ ಅನ್ನಿಸಿರಲೇ ಇಲ್ಲ.

ಹೀಗೆ ಪ್ರತಿ ಸಂಜೆ ಜಗಳಕ್ಕೆ ಹೊಸ ಸೌದೆ ಬೀಳುತ್ತಿತ್ತು. ನೆಲ್ಲಿಕಾಯಿ ಹಸಿಯೋ ಒಣಗಿದ್ದೋ ಎಂದು ಒಂದು ಸಂಜೆ ಕಳೆಯಿತು. ಉಲ್ಕೆ ಬಲಗಡೆಯಿಂದ ಬಂದು ಎಡಗಿವಿಗೆ ಹೇಗೆ ಬಡಿಯಿತು ಎಂದು ಇನ್ನೊಂದು ಸಂಜೆ ಕಳೆಯಿತು. ಜಗಳ ಕಾವೇರಿದಾಗ ರಾಯಪ್ಪ ಮೆಲ್ಲಗೆ ಎದ್ದು ಬಂಡೆಯ ಹಿಂದಕ್ಕೆ ಹೋಗುತ್ತಿದ್ದ. ಬಾಯೊರೆಸಿಕೊಂಡು ಮರಳುತ್ತಿದ್ದ.

ಮೊದಲು ಕಾಣೆಯಾದವಳು ಕೌಜುಗದ ಹಕ್ಕಿ ಗೌರಕ್ಕ. ಆಮೇಲೆ ಕಾಡುಕೋಳಿ ಗಂಡ ಹೆಂಡತಿ. ಆಮೇಲೆ ಒಂದು ಅಳಿಲು.

ಗೌರಕ್ಕ ಚೆಲುವತಾತನ ಹಳೆಯ ಗೆಳತಿ. ನಾಟಕದ ದಿನ ಮೊದಲು ಬಂದು ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಕೂರುವವಳು. ತಾತ ಮಾತು ಮರೆತರೆ ಅವಳೇ ಎತ್ತಿಕೊಡುತ್ತಿದ್ದಳು. ಜಗಳದ ಸಂಜೆಗಳಲ್ಲೂ ಆ ಕಲ್ಲು ಖಾಲಿ ಇದ್ದದ್ದನ್ನು ಕಂಡು ಅವನು ಅವಳನ್ನು ಹುಡುಕಲು ಹೊರಟ.

"ಗೌರಕ್ಕ ಎಲ್ಲಿ?" ಎಂದು ಸಿದ್ದಣ್ಣನನ್ನು ಕೇಳಿದ.

"ಅವಳು ಒತ್ತೆಯವರ ಕಡೆ ಅಲ್ವಾ? ನೆಲ್ಲಿಕಾಯಿ ವಿಚಾರದಲ್ಲಿ ಸೋತ್ಲು. ಮುಖ ತೋರಿಸೋಕಾಗದೆ ಹೋಗಿರ್ಬೇಕು."

ತಾತ ರಂಗಯ್ಯನನ್ನು ಕೇಳಿದ.

"ಅವಳು ಉಲ್ಕೆಯವಳು ತಾತ. ಹೋದರೆ ಹೋಗಲಿ ಬಿಡು."

ಅಷ್ಟರಲ್ಲಿ ರಾಯಪ್ಪ ಪೊದೆಯಿಂದ ಬಂದ. ಅವನ ಮೀಸೆಯಲ್ಲಿ ಒಂದು ಕಂದು ಗರಿ ಸಿಕ್ಕಿಕೊಂಡಿತ್ತು. ಅದನ್ನು ಎಲ್ಲರೂ ನೋಡಿದರು. ಹಿಮದ ಗ್ರಹದ ವೇಷವಿರಬೇಕು, ಚೆನ್ನಾಗಿದೆ ಎಂದು ಯಾರೋ ಹೊಗಳಿದರು. ತಾತನಿಗೆ ಮಾತ್ರ ಆ ಗರಿಯ ಅಂಚಿನ ಬಿಳಿ ಚುಕ್ಕೆಯ ಗುರುತು ಸಿಕ್ಕಿತು, ಅದು ಗೌರಕ್ಕನದು. ರಾಯಪ್ಪ ಈಗ ನೀರಿನಂಚಿನಲ್ಲಿ ಕೂತ ತುಂಗಿಯನ್ನೇ ನೋಡುತ್ತಿದ್ದ.

ಕಿರುಚಿ ಹೇಳಿದರೆ ಇವರು ನಂಬುವುದಿಲ್ಲ ಎಂದು ತಾತನಿಗೆ ತಿಳಿದಿತ್ತು. ತನ್ನ ಕಿವಿಯ ವಿಚಾರದಲ್ಲೇ ತನ್ನನ್ನು ನಂಬದವರು. ಅವನು ತುಂಗಿಯ ಬಳಿ ಕುಂಟುತ್ತಾ ಹೋಗಿ ಪಿಸುಗುಟ್ಟಿದ. "ಮಗಾ, ನಾನು ಈಗ ಒಂದು ಮಾತು ಹೇಳ್ತೀನಿ. ನಿನಗೆ ನೋವಾಗುತ್ತೆ. ಸುಮ್ನಿರು. ಮೊದಲು ಬುರುಡೆ ಯಾರ ತಲೆಗಾದ್ರೂ ಏರಲಿ, ಜೀವಗಳು ಉಳೀಲಿ."

ಆಮೇಲೆ ಬಂಡೆ ಹತ್ತಿ ಗಟ್ಟಿಯಾಗಿ ಹೇಳಿದ. "ನನ್ನದು ತಪ್ಪಾಯ್ತು. ಕಪ್ಪೆ ಬೇಡ. ನಾಯಕ ಏನು ತಿಂತಿದ್ದ, ಹೇಗೆ ಹಾರ್ತಿದ್ದ ಅಂತ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲೋರು ಯಾರು?"

"ರಾಯಪ್ಪ," ಎಂದರು ಉಲ್ಕೆಯವರು. "ರಾಯಪ್ಪ," ಎಂದರು ಒತ್ತೆಯವರು.

"ಹಾಗಾದ್ರೆ ಅವನೇ ನಾಯಕ ಯಾಕಾಗಬಾರದು?"

ಕಾಡೆಲ್ಲ ಹೋ ಎಂದಿತು. ರಾಯಪ್ಪ ಹುಟ್ಟಿದಾಗಿನಿಂದ ಯಾರೂ ಅವನಿಗೆ ಜೈಕಾರ ಹಾಕಿರಲಿಲ್ಲ. ಎದೆ ಉಬ್ಬಿತು. ಬಾಲ ತಾನಾಗಿ ಮೇಲೆದ್ದಿತು. ಹೊಗಳಿಕೆ ಹೊಟ್ಟೆಗೆ ಹೋದರೆ ನರಿಗೂ ಬುದ್ಧಿ ಮಂಕಾಗುತ್ತದೆ. ಅವನು ಬಾಗಿ ನಮಸ್ಕರಿಸಿದ. ಬಾಗಿದ ತಲೆಗೆ ದೊಡ್ಡಮ್ಮ ಸೋರೆ ಬುರುಡೆ ಇಳಿಸಿಯೇಬಿಟ್ಟಳು.

"ಕಟ್ಟಳೆ ಶುರು," ಎಂದಳು ದೊಡ್ಡಮ್ಮ. ಅವಳು ಕಾಲು ಊರಿದ ಸದ್ದಿಗೆ ರಾಯಪ್ಪನಿಗೆ ಎಚ್ಚರವಾಯಿತು. ಆದರೆ ಹೊತ್ತು ಮೀರಿತ್ತು.

ಈಗ ಅಭಿಮಾನಿಗಳ ಕೆಲಸ ಶುರುವಾಯಿತು. ಸಿದ್ದಣ್ಣ ಒಂದು ಮುಳ್ಳು ಹಿಡಿದು ಬಂದ. "ಎಡಗಿವಿ ಅರ್ಧ ಕತ್ತರಿಸೋಣ. ಪಾತ್ರ ಅಂದ್ಮೇಲೆ ಪಾತ್ರ." ರಾಯಪ್ಪ ಗೋಗರೆದ. ಕೊನೆಗೆ ಕಿವಿಯನ್ನು ಮಡಚಿ ಬುರುಡೆಯೊಳಗೆ ತುರುಕಿ ಕತ್ತಿನ ಕೆಳಗೆ ಬಳ್ಳಿಯಿಂದ ಬಿಗಿದರು. ಮಾರನೆಯ ದಿನದಿಂದ ನೆಲ್ಲಿಕಾಯಿ ಬಂತು. ಬೆಳಗ್ಗೆ ನೆಲ್ಲಿಕಾಯಿ, ಮಧ್ಯಾಹ್ನ ನೆಲ್ಲಿಕಾಯಿ, ಸಂಜೆ ಒಣಗಿದ ನೆಲ್ಲಿಕಾಯಿ. ಹಲ್ಲು ಚುಳುಗುಟ್ಟಿ ಅವನ ಕಣ್ಣಲ್ಲಿ ನೀರು ಬಂದರೆ, "ನೋಡಿ, ಏನು ಅಭಿನಯ," ಎಂದು ಜನ ಮೆಚ್ಚಿದರು. ಅವನು ಬೇರೆ ಏನಾದರೂ ತಿಂದಾನೆಂದು ಎರಡೂ ಪಂಗಡದವರು ಸರದಿಯ ಮೇಲೆ ಕಾವಲು ಕೂತರು. ಕಾಡು ಉಳಿಸಲು ಇಷ್ಟು ಶ್ರದ್ಧೆಯಿಂದ ಅವರು ಎಂದೂ ಕಾವಲು ಕೂತಿರಲಿಲ್ಲ. ಈಗಲೂ ಕಾಡು ಉಳಿಸುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ.

ನಾಟಕದ ಸಂಜೆ ಬಂತು. ಸೊರಗಿದ ರಾಯಪ್ಪ ಬಂಡೆಯ ತುದಿಗೆ ಬಂದು ನಿಂತ. ಕೆಳಗೆ ನೀರು ಭೋರಿಡುತ್ತಿತ್ತು. ನರಿ ಮನಸ್ಸು ಮಾಡಿದರೆ ಆ ದಡ ದೂರವೇನಲ್ಲ. ಅವನು ಕಣ್ಣರಳಿಸಿ ಅಳತೆ ನೋಡಿದ.

"ಕಣ್ಣು ಮುಚ್ಚಬೇಕು," ಎಂದ ರಂಗಯ್ಯ.

"ಅದು ನಾನು ಸುಮ್ನೆ..." ಎಂದು ರಾಯಪ್ಪ ತೊದಲಿದ.

"ಸುಮ್ನೆ ಅಂದ್ರೆ?" ಎಂದ ಸಿದ್ದಣ್ಣ. ಮುಳ್ಳುಗಳೆಲ್ಲ ನಿಗುರಿ ನಿಂತವು. "ಹಾಗಾದ್ರೆ ನೆಲ್ಲಿಕಾಯಿನೂ ಸುಮ್ನೆ ಹೇಳಿದ್ದಾ?"

ನಿಜ ಹೇಳಿದರೆ ಇವರು ಬಿಡುವುದಿಲ್ಲ, ಹೇಳದಿದ್ದರೆ ಹಳ್ಳ ಬಿಡುವುದಿಲ್ಲ. ರಾಯಪ್ಪ ಕಣ್ಣು ಮುಚ್ಚಿ ಹಾರಿದ. ಧೊಪ್ಪನೆ ನಡು ಆಕಾಶಕ್ಕೆ ಬಿದ್ದ. ಬುರುಡೆ ಹೊತ್ತ ತಲೆ ಮುಳುಗುತ್ತ ಏಳುತ್ತ ತೇಲಿಹೋಯಿತು. ಹಳ್ಳದ ಕೆಳಗಿನ ಊರಿನಲ್ಲಿ ನಾಯಿಗಳು ಬಹಳ ಹೊತ್ತು ಬೊಗಳಿದ್ದು ಕೇಳಿಸಿತು. ಅವನು ಆ ಕಾಡಿಗೆ ಮತ್ತೆ ಬರಲಿಲ್ಲ.

ಬಂಡೆ ಖಾಲಿಯಾಯಿತು. ನಾಯಕ ದಡ ಮುಟ್ಟದೆ ನಾಟಕ ಮುಗಿಯುವಂತಿಲ್ಲ. ಉಲ್ಕೆಯ ಬಗ್ಗೆ ಇಡೀ ಸಂಜೆ ಮಾತಾಡಬಲ್ಲವರು ಬಹಳ ಮಂದಿ ಇದ್ದರು. ಹಾರಬಲ್ಲವರು ಯಾರೂ ಮುಂದೆ ಬರಲಿಲ್ಲ.

ಆಗ ತುಂಗಿ ಬಂಡೆ ಹತ್ತಿದಳು. ಬುರುಡೆಯಿಲ್ಲ, ಕಿವಿಯಿಲ್ಲ, ಮೈಮೇಲೆ ಕೆಸರು ಬೇರೆ. ನಾಯಕನ ಕೊನೆಯ ಮಾತನ್ನು ಅವಳು ಮೆಲ್ಲಗೆ ಹೇಳಿದಳು. "ಸಂಗಡಿಗರೇ, ದೋಣಿ ಒಡೆಯಿತು. ನಾನು ಮೊದಲು ಹಾರುತ್ತೇನೆ. ನನ್ನ ದನಿ ಕೇಳಿದ ಕಡೆಗೆ ನೀವು ಬನ್ನಿ." ಆ ಮಾತನ್ನು ಅವರು ವರ್ಷವರ್ಷವೂ ಕೇಳಿದ್ದರು. ಈ ಸಲ ಯಾಕೋ ಎಲ್ಲರೂ ಕತ್ತು ಮುಂದೆ ಚಾಚಿ ಕೇಳಿದರು. ತುಂಗಿ ಕಣ್ಣು ತೆರೆದುಕೊಂಡೇ ಹಾರಿದಳು. ಮಿಂಚುಹುಳುಗಳ ನಡುವೆ ಅವಳು ಒಂದು ಗಳಿಗೆ ನಿಂತಂತೆ ಕಂಡಿತು. ಆಮೇಲೆ ಆ ದಡದಿಂದ ದನಿ ಬಂತು. "ವಟರ್."

ಸಿದ್ದಣ್ಣ ಅತ್ತ. ರಂಗಯ್ಯನೂ ಅತ್ತ. ಚೆಲುವತಾತ ಖಾಲಿ ಕಲ್ಲಿನ ಪಕ್ಕದಲ್ಲಿ ಕೂತು ಸುಮ್ಮನೆ ಕಿವಿ ಸವರಿಕೊಂಡ. ಆಮೇಲೆ ಕೌಜುಗದ ಗರಿಯ ಕಥೆಯನ್ನು ಎಲ್ಲರಿಗೂ ಹೇಳಿದ. ಈ ಸಲ ಅವರು ಕೇಳಿಸಿಕೊಂಡರು.

ಬುದ್ಧಿ ಬಂತೇ ಎಂದು ಕೇಳುತ್ತೀರಿ. ಮರುದಿನ ಬೆಳಗ್ಗೆಯೇ ಹೊಸ ಜಗಳ ಹುಟ್ಟಿತು. ಈ ದಡದಲ್ಲಿ ಅರ್ಧ ಕಿವಿಯಾದರೂ ಇದ್ದ ನಾಯಕನಿಗೆ ಆ ದಡದಲ್ಲಿ ಕಿವಿಯೇ ಇಲ್ಲದೆ ಹೋದದ್ದು ಹೇಗೆ? ಆಕಾಶದ ಗಾಳಿಗೆ ಉದುರಿತು ಎಂದರು ಕೆಲವರು. ಉಳಿದದ್ದನ್ನೂ ಒತ್ತೆ ಇಟ್ಟ ಎಂದರು ಕೆಲವರು. ಬೇಲಿಯ ಕಥೆಯನ್ನು ತಾತ ಇನ್ನೊಮ್ಮೆ ಹೇಳಿದ, ಯಾರೂ ಒಪ್ಪಲಿಲ್ಲ. ನಾನಂತೂ ಇಷ್ಟೆಲ್ಲ ಕಥೆ ಹೇಳಿದ ಮೇಲೂ ಅದು ಉಲ್ಕೆಯೇ ಎನ್ನುವವನು. ಬೇಕಾದರೆ ವಾದಕ್ಕೆ ಬನ್ನಿ.

ಒಂದು ಮಾತ್ರ ಬದಲಾಗಿತ್ತು. ಜಗಳ ಶುರುಮಾಡುವ ಮೊದಲು ಅವರು ಅಕ್ಕಪಕ್ಕ ನೋಡಿ ಎಲ್ಲರೂ ಬಂದಿದ್ದಾರೆಯೇ ಎಂದು ಕೇಳಿಕೊಳ್ಳುತ್ತಿದ್ದರು. ಮುಂದಿನ ಚಪ್ಪಟೆ ಕಲ್ಲನ್ನು ಖಾಲಿ ಬಿಡುತ್ತಿದ್ದರು. ಅಲ್ಲಿ ಕೂರುತ್ತಿದ್ದ ಗೌರಕ್ಕ ಯಾವ ಪಂಗಡದವಳು ಎಂದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ.

ನೀತಿ: ಕಥೆಯ ನಾಯಕನಿಗಾಗಿ ಎಷ್ಟು ಬೇಕಾದರೂ ಜಗಳವಾಡಿ, ಆದರೆ ಪಕ್ಕದಲ್ಲಿ ಕೂತವರು ಕಾಣದಿದ್ದರೆ ಮೊದಲು ಅವರನ್ನು ಹುಡುಕಿ. ಜಗಳಕ್ಕೆ ಸೌದೆ ಹಾಕುವವನು ತಾನು ಕಟ್ಟಿದ ಸುಳ್ಳಿಗೆ ತಾನೇ ಬೀಳುತ್ತಾನೆ.